ರಿಮೋಟ್ ಬಿಟ್ಟ ಮೇಲೆ ಡೆಸ್ಕ್‌ಟಾಪ್ ಕಪ್ಪಾಗಿ ಉಳಿದಿದ್ದಕ್ಕೆ

ಸರ್, ದಾವಣಗೆರೆ ಮಂಡಿಪೇಟೆ ಅಂಗಡಿಯ ವಿಂಡೋಸ್ 10 ಕಂಪ್ಯೂಟರು. ಬಿಲ್ಲಿಂಗ್ ರಿಪೇರಿಗೆ ರಿಮೋಟ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸೋ ಅವಕಾಶ) ಕೊಟ್ಟಾಗ ನಡುವೆ ಕರೆಂಟು ಹೋಯ್ತು, ಈಗ ವಾಲ್‌ಪೇಪರ್ ಕಪ್ಪು, ಅಕ್ಷರ ಒರಟು, ಇದು ವೈರಸ್ಸಾ ಅಂತ ಕೇಳಿದ್ದೀರಿ.

ಈ ಲಕ್ಷಣಗಳಷ್ಟೇ ಆದರೆ ವೈರಸ್ ಅನ್ನೋಕೆ ಕಾರಣವಿಲ್ಲ. ಇಂಟರ್ನೆಟ್ ಡೇಟಾ ಕಡಿಮೆ ಖರ್ಚಾಗಲಿ ಅಂತ ಹಲವು ರಿಮೋಟ್ ಸಾಫ್ಟ್‌ವೇರ್ ವಾಲ್‌ಪೇಪರ್ ತೆಗೆಯುತ್ತೆ, ಕೆಲವು ಎಫೆಕ್ಟ್ ಆಫ್ ಮಾಡುತ್ತೆ. ಸರಿಯಾಗಿ ಮುಚ್ಚಿದರೆ ವಾಪಸ್ ಹಾಕುತ್ತೆ. ನಡುವೆ ಲೈನ್ ಕಡಿದರೆ ಕೆಲವೊಮ್ಮೆ ಹಾಗೇ ಬಿಟ್ಟುಬಿಡುತ್ತೆ.

ಮೊದಲು ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಆಗಲಿಲ್ಲವಾ? ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಬ್ಯಾಕ್‌ಗ್ರೌಂಡ್‌ನಲ್ಲಿ ಚಿತ್ರ ಮತ್ತೆ ಆರಿಸಿ. ಆರಿಸಿದರೂ ಕಪ್ಪೇ ಇದ್ದರೆ ಈಸ್ ಆಫ್ ಆಕ್ಸೆಸ್, ಡಿಸ್‌ಪ್ಲೇ ಒಳಗೆ 'ಶೋ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್ ಇಮೇಜ್' ಆನ್ ಮಾಡಿ. ಬಹಳ ಜನ ಮರೆಯೋದು ಇದನ್ನೇ.

ಅಕ್ಷರಕ್ಕೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಸ್‌ವೈಎಸ್‌ಡಿಎಂ ಚುಕ್ಕಿ ಸಿಪಿಎಲ್ (sysdm.cpl) ಟೈಪ್ ಮಾಡಿ ಎಂಟರ್ ಒತ್ತಿ. ಅಡ್ವಾನ್ಸ್ಡ್ ಟ್ಯಾಬ್, ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್. ಅಲ್ಲಿ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್'ಗೆ ಟಿಕ್ ಹಾಕಿ ಅಪ್ಲೈ ಕೊಡಿ. ಹಳೇ ಮಷೀನಾದರೆ ಉಳಿದ ಅನಿಮೇಷನ್ ಬಿಟ್ಟರೂ ನಷ್ಟವೇನಿಲ್ಲ.

ಟಾಸ್ಕ್‌ಬಾರ್ ಪಾರದರ್ಶಕತೆಯೂ ಹೋಗಿದ್ದರೆ, ಅದರ ಸ್ವಿಚ್ ಪರ್ಸನಲೈಸೇಷನ್‌ನ ಕಲರ್ಸ್ ಪುಟದಲ್ಲಿದೆ. ಲ್ಯಾಪ್‌ಟಾಪಲ್ಲಿ ಬ್ಯಾಟರಿ ಸೇವರ್ ಆನ್ ಇದ್ದರೆ ಪಾರದರ್ಶಕತೆ ಬರಲ್ಲ.

ಡಿಡಬ್ಲ್ಯೂಎಂ (ಪರದೆಯ ಕಿಟಕಿ, ಎಫೆಕ್ಟ್ ನೋಡಿಕೊಳ್ಳೋ ವಿಂಡೋಸ್ ಭಾಗ) ಸರ್ವಿಸ್ ನಿಲ್ಲಿಸಿ ಶುರು ಮಾಡಿ ಅನ್ನೋ ಸಲಹೆ ವಿಂಡೋಸ್ 7 ಕಾಲದ್ದು, ನಿಮಗೆ ಬೇಡ. ಮುಂದಿನ ಸಲ ಕನೆಕ್ಟ್ ಮಾಡೋರಿಗೆ ವಾಲ್‌ಪೇಪರ್ ತೆಗೆಯೋ ಆಪ್ಷನ್ನಿನ ಟಿಕ್ ತೆಗೆಯೋಕೆ ಹೇಳಿ, ರೂಟರ್‌ನೂ ಯುಪಿಎಸ್‌ಗೆ ಸೇರಿಸಿ.