ಬಾಳೆಗೊನೆಯ ನೊರಜಿಗೆ ಲೆಕ್ಕ ಯಾಕೆ?

ಪ್ರಶ್ನೆ: ಸಾರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗಳು ಹಾಸನದಲ್ಲಿ ಎಂಎಸ್ಸಿ ಗಣಿತ ಓದುತ್ತಿದ್ದಾಳೆ. ಪ್ರಾಜೆಕ್ಟಿಗೆ ಹಣ್ಣುನೊಣದ ಮೊಟ್ಟೆಯೊಳಗಿನ ಜೀನ್‌ಗಳ ಲೆಕ್ಕ ತಗೊಂಡಿದ್ದಾಳಂತೆ. ಬಾಳೆಗೊನೆಗೆ ಮುತ್ತುತ್ತಲ್ಲ, ಆ ನೊರಜು! ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮುಗೀತು, ಸಮೀಕರಣ ಯಾಕೆ? ಇದಕ್ಕೆ ಮನೆಯಲ್ಲಿ ನೊಣ ಸಾಕಬೇಕಾ ಅಂತ ನಮ್ಮ ಮನೆಯವರಿಗೆ ಬೇರೆ ಚಿಂತೆ.

ಉತ್ತರ: ನೋಡಿದರೆ ಎಲ್ಲಿ ಏನಿದೆ ಅಂತ ಕಾಣುತ್ತದೆ, ನಿಜ. ಅದು ಅಲ್ಲೇ ಯಾಕಿದೆ ಅನ್ನೋದು ಕಾಣಲ್ಲ. ಆ ಮೊಟ್ಟೆ ಬರೀ ಅರ್ಧ ಮಿಲಿಮೀಟರ್ ಉದ್ದ. ಅದರೊಳಗೆ ನ್ಯೂಕ್ಲಿಯಸ್, ಅಂದರೆ ಜೀನ್‌ಗಳಿರುವ ಗೂಡು, 13 ಸಲ ಇಬ್ಭಾಗವಾದರೂ ನಡುವೆ ಗೋಡೆ ಏಳುವುದಿಲ್ಲ, ಸುಮಾರು 6,000 ನ್ಯೂಕ್ಲಿಯಸ್‌ಗಳು ಹಳೇ ತೊಟ್ಟಿಮನೆಯ ಕೂಡು ಕುಟುಂಬದ ಹಾಗೆ ಒಂದೇ ಸೂರಿನಡಿ ಇರುತ್ತವೆ. ಎಲ್ಲದರಲ್ಲೂ ಇರೋದು ಅದೇ ಜೀನ್‌ಗಳು. ಹಾಗಿದ್ದರೆ ತಲೆ ಆಗಬೇಕಾದ್ದು ಯಾವುದು, ಹೊಟ್ಟೆ ಆಗಬೇಕಾದ್ದು ಯಾವುದು?

ತಾಯಿ ನೊಣ ಮೊಟ್ಟೆಯ ತಲೆ ತುದಿಯಲ್ಲಿ ಬೈಕಾಯ್ಡ್ ಅನ್ನುವ ಪ್ರೋಟೀನ್ ತಯಾರಿಸಲು ಬೇಕಾದ ಆರ್‌ಎನ್‌ಎ ಇಟ್ಟಿರುತ್ತದೆ. ಪ್ರೋಟೀನ್ ಅಲ್ಲಿಂದ ಹಿಂದಕ್ಕೆ ಹರಡುತ್ತಾ, ಹರಡುತ್ತಲೇ ಸವೆಯುತ್ತಾ ಹೋಗುತ್ತದೆ. ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ ದಾಟಿ ನಡೆದಿದ್ದೀರಲ್ವಾ, ಕಣ್ಣು ಮುಚ್ಚಿಕೊಂಡರೂ ಘಮದ ಮೇಲೇ ಅಂಗಡಿ ಎಷ್ಟು ದೂರ ಉಳಿಯಿತು ಅಂತ ಅಂದಾಜು ಸಿಗುತ್ತದೆ. ನ್ಯೂಕ್ಲಿಯಸ್ಸಿಗೂ ಹಾಗೇ. ಬೈಕಾಯ್ಡ್ ಒಂದು ಮಟ್ಟಕ್ಕಿಂತ ಜಾಸ್ತಿ ಇದ್ದಲ್ಲಿ ಹಂಚ್‌ಬ್ಯಾಕ್ ಜೀನ್ ಚಾಲೂ, ಕಮ್ಮಿಯಾದಲ್ಲಿ ಬಂದ್. ಈ ಬೈಕಾಯ್ಡ್ ಇಳಿಜಾರನ್ನು 1988ರಲ್ಲಿ ವಿಜ್ಞಾನಿಗಳಾದ ಡ್ರೀವರ್ ಮತ್ತು ನ್ಯೂಸ್‌ಲೈನ್-ಫೋಲ್ಹಾರ್ಡ್ ತೋರಿಸಿದರು. ಎರಡನೆಯವರಿಗೆ 1995ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಈಗ ಮಗಳ ಲೆಕ್ಕಕ್ಕೆ ಬರೋಣ. ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಿದಾಗಲೆಲ್ಲ ಬೈಕಾಯ್ಡ್ ನೂರಿದ್ದದ್ದು 37ಕ್ಕೆ ಇಳಿಯುತ್ತದೆ. ತಾಯಿಯಿಂದ ಬರುವ ಸರಕು ಎರಡರಷ್ಟಾದರೆ ಹಂಚ್‌ಬ್ಯಾಕ್ ಬಂದ್ ಆಗುವ ಗಡಿ ಎಷ್ಟು ಹಿಂದೆ ಸರಿಯಬೇಕು? ಎರಡರಷ್ಟು ದೂರ ಅಲ್ಲ. ಸಮೀಕರಣ ಬಿಡಿಸಿದರೆ ಸುಮಾರು 70 ಮೈಕ್ರಾನ್ ಬರುತ್ತದೆ. ನಿಜವಾದ ನೊಣದಲ್ಲಿ ಅಷ್ಟು ಸರಿಯೋದಿಲ್ಲ, ಕಮ್ಮಿ! ನನಗೆ ಮಜಾ ಅನ್ನಿಸೋದು ಇಲ್ಲೇ. ಬರೀ ನೋಡಿದ್ದರೆ ‘ಗಡಿ ಸರಿಯಿತು’ ಅಂತ ಬರೆದುಕೊಂಡು ಸುಮ್ನಾಗುತ್ತಿದ್ದೆವು, ಲೆಕ್ಕ ತಾಳೆ ಆಗಲಿಲ್ಲ ಅಂದಾಗಲೇ ಘಮ ಒಂದರಿಂದಲೇ ಗಡಿ ಬೀಳುತ್ತಿಲ್ಲ, ಬೇರೆ ಯಾರದೋ ಕೈ ಇದೆ ಅಂತ ತಿಳಿಯೋದು.

ಆ ಕೈ ಜೀನ್‌ಗಳದ್ದೇ. ಬೇಲಿ ಜಗಳದ ಪಕ್ಕದ ತೋಟದವರ ಹಾಗೆ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಈವನ್-ಸ್ಕಿಪ್ಡ್ ಅನ್ನುವ ಜೀನ್ ಮೊಟ್ಟೆಯ ಉದ್ದಕ್ಕೂ ಏಳು ಪಟ್ಟೆ ಎಳೆಯುತ್ತದೆ, ಅಂದರೆ ಆ ಏಳು ಕಡೆ ಮಾತ್ರ ಚಾಲೂ ಇರುತ್ತದೆ. ಅದರ ಎರಡನೇ ಪಟ್ಟೆ ನೋಡಿ: ಬೈಕಾಯ್ಡ್, ಹಂಚ್‌ಬ್ಯಾಕ್ ಎರಡೂ ಸೇರಿ ‘ಬರಲಿ’ ಅನ್ನುತ್ತವೆ, ಮುಂದಿನಿಂದ ಜೈಂಟ್ ಅನ್ನುವ ಜೀನ್ ‘ಬೇಡ’ ಅನ್ನುತ್ತದೆ, ಹಿಂದಿನಿಂದ ಕ್ರುಪ್ಪೆಲ್ ಅನ್ನುವ ಇನ್ನೊಂದು ಜೀನ್ ‘ಬೇಡ’ ಅನ್ನುತ್ತದೆ. ನಡುವೆ ಉಳಿದ ಕಿರಿದಾದ ಜಾಗವೇ ಪಟ್ಟೆ. ಇಷ್ಟು ಜನ ಎಳೆದಾಡುವಾಗ ಕೊನೆಗೆ ಏನಾಗುತ್ತದೆ ಅಂತ ಮನಸ್ಸಿನಲ್ಲೇ ಊಹಿಸೋಕೆ ನನ್ನಿಂದಂತೂ ಆಗಲ್ಲ, ಒಂದೊಂದಕ್ಕೂ ಒಂದು ಸಮೀಕರಣ ಬರೆದು ಕಂಪ್ಯೂಟರಿಗೆ ಕೊಡಬೇಕು.

ನಿಮ್ಮ ಮನೆಯವರಿಗೆ ಹೇಳಿ, ನೊಣ ಸಾಕೋದು ಬೇಡ. ಲ್ಯಾಪ್‌ಟಾಪ್ ಸಾಕು. ಮಗಳಿಗೆ ಕಣ್ಣಾರೆ ನೋಡೋ ಆಸೆಯಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣುನೊಣದ ತಳಿಗಳನ್ನೇ ಸಾಕುವ ಕೇಂದ್ರವಿದೆ. ಗೊನೆ ಮಾತ್ರ ಮುಚ್ಚಿಡಿ.