ತೀರಿಸಿದ ಸಾಲ, ತೀರದ ಬಾಕಿ: ಕ್ರೆಡಿಟ್ ವರದಿಯ ತಪ್ಪುಗಳು

ಪ್ರಶ್ನೆ: ಬೈಕ್ ಸಾಲ ಪೂರ್ತಿ ಕಟ್ಟಿ ಎರಡು ವರ್ಷವಾಯಿತು, ಎನ್‌ಒಸಿಯೂ (ಸಾಲ ತೀರಿದೆ ಎಂಬ ಪತ್ರ) ಇದೆ. ಆದರೂ ಕ್ರೆಡಿಟ್ ವರದಿಯಲ್ಲಿ (ಸಾಲ ಮರುಪಾವತಿಯ ದಾಖಲೆ) ಬಾಕಿ ಕಾಣಿಸಿ ಮನೆ ಸಾಲ ಸಿಗಲಿಲ್ಲ. ಸಾಲ ಕೊಟ್ಟವರನ್ನು ಕೇಳಿದರೆ ಆ ವರದಿ ತಯಾರಿಸುವ ಬ್ಯೂರೋ (ಕ್ರೆಡಿಟ್ ಮಾಹಿತಿ ಕಂಪನಿ) ಕಡೆ, ಬ್ಯೂರೋದವರನ್ನು ಕೇಳಿದರೆ ಸಾಲ ಕೊಟ್ಟವರ ಕಡೆ ಕೈ ತೋರಿಸುತ್ತಾರೆ. ಕಾನೂನಿನಲ್ಲಿ ದಾರಿ ಇದೆಯೇ?

ಉತ್ತರ: ಇದೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಪ್ಪು ಮಾಹಿತಿ ತಿದ್ದಿಸಿಕೊಳ್ಳುವುದು ನಿಮ್ಮ ಹಕ್ಕು. ಆದರೆ ಸಾಲ ಕೊಟ್ಟವರು ದೃಢಪಡಿಸದೆ ಬ್ಯೂರೋ ತಾನಾಗಿಯೇ ಅಂಕಿ ಬದಲಿಸುವಂತಿಲ್ಲ. ನಿಮ್ಮನ್ನು ಓಡಾಡಿಸುತ್ತಿರುವುದಕ್ಕೆ ಇದೇ ಕಾರಣ. ಆದ್ದರಿಂದ ಇಬ್ಬರಿಗೂ ಒಂದೇ ದಿನ ಲಿಖಿತ ದೂರು ಕೊಡಿ.

ಮೊದಲು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ಬ್ಯೂರೋಗಳಿಂದ ವರದಿ ತೆಗೆಸಿ. ಪ್ರತಿಯೊಂದೂ ವರ್ಷಕ್ಕೊಮ್ಮೆ ಸ್ಕೋರ್ (ಸಾಲದ ಅರ್ಹತೆಯ ಅಂಕ) ಸಮೇತ ಉಚಿತವಾಗಿ ಕೊಡಬೇಕು. ದೂರಿನಲ್ಲಿ ‘ವರದಿ ತಪ್ಪಾಗಿದೆ’ ಎಂದಷ್ಟೇ ಬರೆದರೆ ಕೆಲಸವಾಗದು. ಸಾಲದ ಖಾತೆ ಸಂಖ್ಯೆ, ತಪ್ಪಾಗಿರುವ ಕಲಂ (ಬಾಕಿ ಮೊತ್ತವೋ, ಮುಕ್ತಾಯದ ದಿನಾಂಕವೋ, ಯಾವ ತಿಂಗಳ ಕಂತು ತಡವೆಂದು ತೋರಿಸಿದೆಯೋ), ಅಲ್ಲಿ ಇರಬೇಕಾದ ಸರಿಯಾದ ವಿವರ, ಮೂರನ್ನೂ ಬರೆಯಿರಿ. ಎನ್‌ಒಸಿ ಜತೆ ಬಾಕಿ ಸೊನ್ನೆ ಎಂದು ತೋರಿಸುವ ಸಾಲದ ಸ್ಟೇಟ್‌ಮೆಂಟ್ ಲಗತ್ತಿಸಿ. ಎನ್‌ಒಸಿಯಲ್ಲಿರುವ ಖಾತೆ ಸಂಖ್ಯೆಯೂ ವರದಿಯಲ್ಲಿರುವುದೂ ಒಂದೇನಾ ನೋಡಿಕೊಳ್ಳಿ; ಎಷ್ಟೋ ದೂರುಗಳು ಇಲ್ಲೇ ಮುಗ್ಗರಿಸುತ್ತವೆ. ಫೋನಿನಲ್ಲಿ ಹೇಳಿದ್ದಕ್ಕೆ ಪುರಾವೆ ಇರುವುದಿಲ್ಲ, ದೂರಿನ ಸಂಖ್ಯೆ ಪಡೆಯಲೇಬೇಕು.

ಗಡುವು ಒಟ್ಟು 30 ದಿನ, ಮೊದಲ ದೂರಿನ ದಿನದಿಂದಲೇ ಲೆಕ್ಕ. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿಯನ್ನು ಬ್ಯೂರೋಗೆ ಕಳಿಸಬೇಕು. ಗಡುವು ಮೀರಿದರೆ, 26 ಏಪ್ರಿಲ್ 2024ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರ, ತಡಮಾಡಿದವರೇ ಕೊಡಬೇಕು. ಅದಕ್ಕಾಗಿ ದೂರಿನಲ್ಲೇ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ನಮೂದಿಸಿ. ತಿದ್ದುಪಡಿ ನಿರಾಕರಿಸಿದರೆ ಕಾರಣ ತಿಳಿಸುವುದೂ ಕಡ್ಡಾಯ. ಸ್ಕೋರ್ ಲೆಕ್ಕ ಹಾಕುವ ವಿಧಾನದ ಬಗೆಗಿನ ತಕರಾರಿಗೆ ಮಾತ್ರ ಈ ಪರಿಹಾರವಿಲ್ಲ.

30 ದಿನವಾದರೂ ಉತ್ತರವಿಲ್ಲ, ಅಥವಾ ಉತ್ತರ ಒಪ್ಪಿಗೆಯಾಗಲಿಲ್ಲವೆಂದರೆ ತಡಮಾಡದೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ) ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ, ಮಾಹಿತಿಗೆ 14448. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ, ಆದರೆ ಅಲ್ಲಿ ಪ್ರಕರಣ ನಡೆಯುತ್ತಿದ್ದರೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಮನೆ ಸಾಲ ನಿರಾಕರಿಸಿದ ಪತ್ರವನ್ನು ಜೋಪಾನ ಮಾಡಿ, ನಷ್ಟಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಕಾರ್ಡ್ ಬಾಕಿಯನ್ನು ರಿಯಾಯಿತಿಯಲ್ಲಿ ಒಂದೇ ಕಂತಿಗೆ ಇತ್ಯರ್ಥ ಮಾಡಿಕೊಂಡೆ. ವರದಿಯಲ್ಲಿ ‘ಸೆಟಲ್ಡ್’ ಎಂದಿದೆ. ತೆಗೆಸಬಹುದೇ?

ಉತ್ತರ: ಅದು ತಪ್ಪಲ್ಲ, ನಡೆದದ್ದೇ ಅದು. ಮನ್ನಾ ಆದ ಮೊತ್ತವನ್ನೂ ಕಟ್ಟಿಸಿಕೊಳ್ಳಲು ಬ್ಯಾಂಕ್ ಒಪ್ಪಿದರೆ, ಕಟ್ಟಿ ನೋ ಡ್ಯೂಸ್ (ಬಾಕಿ ಇಲ್ಲ) ಪತ್ರ ಪಡೆದು ‘ಕ್ಲೋಸ್ಡ್’ ಎಂದು ಬದಲಿಸಲು ಕೇಳಬಹುದು. ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇವೆ ಎನ್ನುವ ಏಜೆಂಟರನ್ನು ನಂಬಬೇಡಿ. ಸರಿಯಾದ ಮಾಹಿತಿಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ಪ್ರಶ್ನೆ: ನಾನು ತೆಗೆದುಕೊಳ್ಳದ ಸಾಲ ನನ್ನ ಹೆಸರಲ್ಲಿದೆ!

ಉತ್ತರ: ಆ ಖಾತೆ ನಿಮ್ಮದಲ್ಲವೆಂದು ಬ್ಯೂರೋದಲ್ಲಿ ತಕರಾರು ಹಾಕಿ. ಸಾಲ ಕೊಟ್ಟವರಿಂದ ಅರ್ಜಿ ಮತ್ತು ಕೆವೈಸಿ (ಗುರುತಿನ ದಾಖಲೆ) ಪ್ರತಿ ಕೇಳಿ. ಹೆಸರು, ಜನ್ಮದಿನಾಂಕ ಹೊಂದಿ ಇನ್ನೊಬ್ಬರ ಸಾಲ ಬೆರೆತಿದ್ದರೆ ಅಷ್ಟರಲ್ಲೇ ಬಗೆಹರಿಯಬಹುದು. ನಿಮ್ಮ ಪ್ಯಾನ್ ದುರ್ಬಳಕೆಯಾಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪೊಲೀಸ್ ದೂರಿನ ಪ್ರತಿಯನ್ನು ಇಬ್ಬರಿಗೂ ಕಳಿಸಿ.