ನರಿ ಯಾರದ್ದು?

ಪ್ರಶ್ನೆ: ಮಗಳು ಕಾನೂನು ಓದುತ್ತಿದ್ದಾಳೆ. ಆಸ್ತಿ ಕಾನೂನು ಅಂದ್ರೆ ಬರೀ ಪತ್ರ, ಸಹಿ, ಮೊಹರು ಅಂತ ಗೊಣಗುತ್ತಾಳೆ. ಇದರಿಂದ ಸಮಾಜಕ್ಕೇನು ಉಪಯೋಗ ಸಾರ್?

ಉತ್ತರ: ಅವಳ ಬೇಜಾರು ನನಗೆ ಹೊಸದಲ್ಲ, ಇದನ್ನೇ ಪಾಠ ಮಾಡಿ ತಲೆ ನರೆತವನು ನಾನು. ಮೊದಲ ತರಗತಿಯಲ್ಲಿ ವ್ಯಾಖ್ಯೆ ಹೇಳುತ್ತಿರಲಿಲ್ಲ, ನರಿಯ ಮೊಕದ್ದಮೆ ಹೇಳುತ್ತಿದ್ದೆ. 1805ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ತೀರ್ಮಾನಿಸಿದ್ದು. ಪೋಸ್ಟ್ ಎಂಬಾತ ನಾಯಿಗಳನ್ನು ಬಿಟ್ಟು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಪಿಯರ್ಸನ್ ಎಂಬಾತ ಅದನ್ನು ನೋಡಿಯೂ ನಡುವೆ ನುಗ್ಗಿ, ನರಿಯನ್ನು ಕೊಂದು ಎತ್ತಿಕೊಂಡು ಹೋದ. ಬೆನ್ನಟ್ಟಿದರಷ್ಟೇ ಸಾಲದು, ಕೈವಶವಾಗಬೇಕು ಎಂದು ಪಿಯರ್ಸನ್ ಗೆದ್ದ. ಒಬ್ಬ ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ. ಕೊನೇ ಗಳಿಗೆಯಲ್ಲಿ ಯಾರೋ ಬಂದು ಕಿತ್ತುಕೊಳ್ಳುವುದಾದರೆ ಇಷ್ಟು ಪಾಡು ಯಾರು ಪಡುತ್ತಾರೆ ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನಿಸುತ್ತದೆ. ವಿದ್ಯಾರ್ಥಿಗಳು ಜಾಸ್ತಿ ಜಗಳವಾಡುತ್ತಿದ್ದದ್ದೂ ಇಲ್ಲೇ!

ದುಡಿದವರಿಗೋ, ಹಿಡಿದವರಿಗೋ? ನೀರು, ಗಣಿ, ಹೊಸ ಔಷಧಿಯ ಪೇಟೆಂಟ್, ಎಲ್ಲದರಲ್ಲೂ ಇದೇ ಪ್ರಶ್ನೆ ಅಲ್ವಾ? ಯಾರಿಗೆ ಆಸ್ತಿ ಇರಬಹುದು ಅನ್ನುವುದನ್ನೂ ಕಾನೂನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳುವ ಪೂರ್ತಿ ಹಕ್ಕಿಗೆ 1882ರ ಕಾಯ್ದೆ ಬರಬೇಕಾಯಿತು.

ಇನ್ನು ಆ ಪತ್ರ, ಮೊಹರು. ಹಿಂದೆ ಜಮೀನು ಕೊಳ್ಳುವವರು ಹಳೇ ಪತ್ರಗಳನ್ನೆಲ್ಲ ಒಂದೊಂದಾಗಿ ಜಾಲಾಡಬೇಕಿತ್ತು. ನಡುವೆ ಒಂದು ಪತ್ರ ಖೊಟ್ಟಿಯಾದರೂ ಕೊಂಡವರ ಗತಿ ಕಷ್ಟ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ತಂದ ಪದ್ಧತಿಯಲ್ಲಿ ಸರ್ಕಾರಿ ದಾಖಲೆಯಲ್ಲಿರುವ ಹೆಸರೇ ಹಕ್ಕಿಗೆ ಆಧಾರ. ಅದಾದ ಮೇಲೆ ಹಲವು ದೇಶಗಳು ಅದನ್ನೇ ಹಿಡಿದವು.